ದಾರಿಯಲ್ಲೇ ದಿಕ್ಕು ತಿದ್ದಿಕೊಳ್ಳುವ ರಾಕೆಟ್

(ವಿರಾಜಪೇಟೆಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಮಾಜಿ ಸೈನಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೇ, ವಿದ್ಯಾರ್ಥಿ ಮಿತ್ರರೇ, ಎಲ್ಲರಿಗೂ ನಮಸ್ಕಾರ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಫಿರಂಗಿ ದಳದಲ್ಲಿ ದುಡಿದು ಬಂದವರೂ ಇಲ್ಲಿ ಕೂತಿದ್ದೀರಿ. ನಿಮಗೆ ಯುದ್ಧ ಗೊತ್ತು. ನಾನು ಭೌತಶಾಸ್ತ್ರ ಪಾಠ ಮಾಡುವವನು. ನೆಲದಿಂದ ಹಾರಿ ನೆಲದ ಮೇಲಿನ ಗುರಿಗೇ ಬೀಳುವ ಗೈಡೆಡ್, ಅಂದರೆ ದಾರಿಯಲ್ಲೇ ದಿಕ್ಕು ತಿದ್ದಿಕೊಳ್ಳುವ, ರಾಕೆಟ್ ಮತ್ತು ಕ್ಷಿಪಣಿಗಳ ಹಿಂದಿನ ಭೌತಶಾಸ್ತ್ರವನ್ನು ಇವತ್ತು ಬಿಡಿಸಿ ಹೇಳುತ್ತೇನೆ. ಹೇಳುವುದೆಲ್ಲ ಬಹಿರಂಗವಾಗಿ ಪ್ರಕಟವಾಗಿರುವ ವಿಷಯವೇ.

ಮೊದಲು ದೂರದ ಅಂದಾಜು ಸಿಗಲಿ. ಮಡಿಕೇರಿಯಲ್ಲಿ ನಿಂತಿದ್ದೇವೆ ಎಂದುಕೊಳ್ಳೋಣ. ರಸ್ತೆಯ ದೂರ ಬೇಡ, ಭೂಪಟದ ಮೇಲೆ ನೇರ ಗೆರೆ ಎಳೆಯೋಣ. ರಷ್ಯಾ ಮೂಲದ ಹಳೆಯ ಗ್ರಾಡ್ ರಾಕೆಟ್ ಸುಮಾರು 20 ಕಿ.ಮೀ. ಹೋಗುತ್ತದೆ. ಅಂದರೆ ಕುಶಾಲನಗರಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ನಮ್ಮ ಸೇನೆಯ ಪಿನಾಕ ರಾಕೆಟ್ಟಿನ ಮೊದಲ ಮಾದರಿ ಪಿರಿಯಾಪಟ್ಟಣದ ಹತ್ತಿರ ಹೋಗುತ್ತದೆ, ಸುಮಾರು 38 ಕಿ.ಮೀ. ಗೈಡೆಡ್ ಪಿನಾಕಕ್ಕೆ ಹಾಸನದಷ್ಟು ದೂರ, 75 ಕಿ.ಮೀ. 'ಪ್ರಳಯ್' ಕ್ಷಿಪಣಿಯ ಗರಿಷ್ಠ ದೂರ 500 ಕಿ.ಮೀ. ಅದು ಮಡಿಕೇರಿಯಿಂದ ಚೆನ್ನೈಗೆ ಇರುವ ದೂರ.

ಪತ್ರಿಕೆಗಳಲ್ಲಿ ಬರುವ ಸುದ್ದಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಎಷ್ಟು ದೂರ, ಎಷ್ಟು ಕಿಲೋ ಸಿಡಿತಲೆ, ಅಷ್ಟೇ. ಆದರೆ ಕಳೆದ ಕೆಲವು ದಶಕಗಳಲ್ಲಿ ಈ ಆಯುಧವನ್ನು ಬದಲಿಸಿದ್ದು ದೂರವಲ್ಲ, ಗುರಿ. ದೂರ ಹೋಗುವ ರಾಕೆಟ್ 1944ರಲ್ಲೇ ಇತ್ತು. ಜರ್ಮನಿಯ ವಿ-2 ಸುಮಾರು 320 ಕಿ.ಮೀ. ಹಾರುತ್ತಿತ್ತು. ಆದರೆ ಲಂಡನ್‌ನಂಥ ದೊಡ್ಡ ನಗರಕ್ಕೆ ಬಿಟ್ಟರೂ ಎಷ್ಟೋ ಸಲ ಹಲವು ಕಿಲೋಮೀಟರ್ ಆಚೆ ಬೀಳುತ್ತಿತ್ತು. ಇಂಥ ಸೇತುವೆ, ಇಂಥ ಕಟ್ಟಡ ಎಂದು ಗುರಿ ಇಡುವ ಮಾತೇ ಇರಲಿಲ್ಲ.

ರಾಕೆಟ್‌ನ ಗುರಿ ತಪ್ಪುವುದು ಯಾಕೆ? ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ, ಅಲ್ವಾ? ಕೋವಿಯ ನಳಿಕೆ ಬಿಟ್ಟ ಕ್ಷಣದಲ್ಲೇ ಗುಂಡಿನ ವೇಗ, ದಿಕ್ಕು ಎರಡೂ ತೀರ್ಮಾನವಾಗಿರುತ್ತವೆ. ಆಮೇಲೆ ಅದನ್ನು ತಳ್ಳುವವರು ಯಾರೂ ಇಲ್ಲ. ಫಿರಂಗಿ ಶೆಲ್ ಕೂಡ ಹಾಗೇ. ರಾಕೆಟ್ ಹಾಗಲ್ಲ. ಲಾಂಚರ್‌ನ ಕೊಳವೆ ಬಿಡುವಾಗ ಅದರ ವೇಗ ಇನ್ನೂ ಕಡಿಮೆ. ಕೊಳವೆ ಬಿಟ್ಟ ಮೇಲೂ ಕೆಲವು ಸೆಕೆಂಡು ಮೋಟರ್ ಉರಿಯುತ್ತಲೇ ಇರುತ್ತದೆ, ವೇಗ ಏರುತ್ತಲೇ ಇರುತ್ತದೆ. ಈ ಕೆಲವು ಸೆಕೆಂಡುಗಳೇ ಎಲ್ಲ ತೊಂದರೆಗೂ ಮೂಲ.

ಅಡ್ಡಗಾಳಿ ಬೀಸಿತು ಎನ್ನಿ. ಗಾಳಿ ಎಡದಿಂದ ಬಂದರೆ ರಾಕೆಟ್ ಬಲಕ್ಕೆ ಹೋಗುತ್ತದೆ ಎಂದು ನಮಗೆ ಅನಿಸುತ್ತದೆ. ಮೋಟರ್ ಉರಿಯುತ್ತಿರುವಾಗ ಆಗುವುದು ಅದಕ್ಕೆ ಉಲ್ಟಾ. ಗಾಳಿ ಬಾಲದ ರೆಕ್ಕೆಗಳನ್ನು ಬಲಕ್ಕೆ ತಳ್ಳುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ಮೂತಿ ತಿರುಗಿದ ಕಡೆಗೇ ಮೋಟರ್ ನೂಕುತ್ತದೆ. ಹಾಗಾಗಿ ರಾಕೆಟ್ ಗಾಳಿ ಬಂದ ದಿಕ್ಕಿಗೇ ಓಡುತ್ತದೆ! ಇಂಧನ ಮುಗಿದ ಮೇಲೆ ಮಾತ್ರ ಅದು ಗಾಳಿಯ ಜೊತೆ ತೇಲುತ್ತದೆ. ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ಕಣ್ಣು ಹೇಳುವುದೇ ಒಂದು, ಲೆಕ್ಕ ಹೇಳುವುದೇ ಇನ್ನೊಂದು.

ಇನ್ನೂ ಕಾರಣಗಳಿವೆ. ಪಿನಾಕದ ಒಂದು ಲಾಂಚರ್ 44 ಸೆಕೆಂಡಿನಲ್ಲಿ 12 ರಾಕೆಟ್ ಬಿಡುತ್ತದೆ. ಅಂದರೆ ನಾಲ್ಕು ಸೆಕೆಂಡು ತುಂಬುವ ಮೊದಲೇ ಮುಂದಿನದು ಹೊರಡಬೇಕು. ಹಿಂದಿನ ರಾಕೆಟ್ ಕೊಟ್ಟ ಅಲುಗಾಟ ಪೂರ್ತಿ ನಿಲ್ಲುವಷ್ಟು ಸಮಯ ಇಲ್ಲ. ಘನ ಇಂಧನ ಬಿಸಿಯಾಗಿದ್ದರೆ ಬೇಗ ಉರಿಯುತ್ತದೆ, ತಣ್ಣಗಿದ್ದರೆ ನಿಧಾನ. ರಾಜಸ್ಥಾನದ ಮೇ ತಿಂಗಳಲ್ಲಿ ಮತ್ತು ಲಡಾಖ್‌ನ ಜನವರಿಯಲ್ಲಿ ಅದೇ ರಾಕೆಟ್ ಒಂದೇ ರೀತಿ ಹಾರುವುದಿಲ್ಲ. ಎತ್ತರದ ಜಾಗದಲ್ಲಿ ಗಾಳಿ ತೆಳು, ತಡೆ ಕಡಿಮೆ, ರಾಕೆಟ್ ಜಾಸ್ತಿ ದೂರ ಹೋಗುತ್ತದೆ. ಬಯಲಿಗೆ ಮಾಡಿದ ಲೆಕ್ಕದ ಪಟ್ಟಿ ಬೆಟ್ಟದ ಮೇಲೆ ನಡೆಯುವುದಿಲ್ಲ.

ಅದರ ಮೇಲೆ ಎತ್ತರದ ಗಾಳಿ ಬೇರೆ. 40 ಕಿ.ಮೀ. ದೂರಕ್ಕೆ 45 ಡಿಗ್ರಿ ಕೋನದಲ್ಲಿ ಬಿಟ್ಟರೆ, ಗಾಳಿಯ ತಡೆಯೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿದರೂ, ರಾಕೆಟ್ 10 ಕಿ.ಮೀ. ಮೇಲೆ ಏರುತ್ತದೆ. ನಮ್ಮ ತಡಿಯಂಡಮೋಳ್ ಎತ್ತರ 1,748 ಮೀಟರ್. ಅದರ ಐದು ಪಟ್ಟಿಗಿಂತ ಜಾಸ್ತಿ ಎತ್ತರ ಅದು. ನೆಲದಲ್ಲಿ ಎಲೆ ಅಲುಗದಿದ್ದರೂ ಅಲ್ಲಿ ಬಿರುಗಾಳಿ ಇರಬಹುದು. ಅದಕ್ಕೇ ಫಿರಂಗಿ ದಳದವರು ಬಲೂನು ಹಾರಿಸಿ ಮೇಲಿನ ಗಾಳಿಯನ್ನು ಅಳೆಯುತ್ತಾರೆ.

ಇದೆಲ್ಲ ಸೇರಿ ಹೊರಡುವಾಗ ಒಂದೇ ಒಂದು ಡಿಗ್ರಿ ಆಚೀಚೆ ಆಯಿತು ಎನ್ನಿ. 40 ಕಿ.ಮೀ. ದೂರದಲ್ಲಿ ಅದು ಸುಮಾರು 700 ಮೀಟರ್ ಆಗುತ್ತದೆ. ಹಾಗಾಗಿ ಗೈಡೆನ್ಸ್ ಇಲ್ಲದ ರಾಕೆಟ್ಟನ್ನು ಒಂದೊಂದಾಗಿ ಬಿಡುವುದರಲ್ಲಿ ಅರ್ಥವಿಲ್ಲ. ಗುಂಪಾಗಿ ಬಿಡಬೇಕು. ಆರು ಲಾಂಚರ್‌ಗಳ ಒಂದು ಪಿನಾಕ ಬ್ಯಾಟರಿ, ಅಂದರೆ ಒಂದು ತುಕಡಿ, 72 ರಾಕೆಟ್ ಬಿಟ್ಟು, ಸುಮಾರು 1,000 ಮೀಟರ್ ಉದ್ದ, 800 ಮೀಟರ್ ಅಗಲದ ಜಾಗವನ್ನು ಹೊಡೆಯುತ್ತದೆ. 1941ರ ರಷ್ಯಾದ ಕತ್ಯೂಷಾ ರಾಕೆಟ್‌ಗಳಿಂದ ಹಿಡಿದು ನಡೆದು ಬಂದ ಪದ್ಧತಿ ಅದೇ. ಗುರಿ ಒಂದು ಬಿಂದುವಲ್ಲ, ಒಂದು ಬಯಲು.

ಇನ್ನೂ ಹಿಂದೆ ಹೋದರೆ ಮೈಸೂರಿನ ರಾಕೆಟ್ ಬರುತ್ತದೆ. ಹೈದರ್ ಮತ್ತು ಟಿಪ್ಪು ಕಾಲದ ಬಗ್ಗೆ ನಮ್ಮ ಜಿಲ್ಲೆಯ ನೆನಪು ನೋವಿನದು. ಆ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ತಂತ್ರಜ್ಞಾನದ ಮಟ್ಟಿಗೆ ಹೇಳುವುದಾದರೆ, 1780ರ ಪೊಳ್ಳಿಲೂರು ಯುದ್ಧದಲ್ಲಿ ಬಳಕೆಯಾದ ಆ ರಾಕೆಟ್‌ಗಳಿಗೆ ಕಬ್ಬಿಣದ ಕೊಳವೆ ಇತ್ತು. ಕಬ್ಬಿಣ ಜಾಸ್ತಿ ಒತ್ತಡ ತಡೆಯುತ್ತದೆ, ಹಾಗಾಗಿ ಮದ್ದು ಜೋರಾಗಿ ನೂಕುತ್ತದೆ. ನೇರ ಹೋಗಲು ಉದ್ದನೆಯ ಬಿದಿರು ಕಟ್ಟುತ್ತಿದ್ದರು. ಬ್ರಿಟಿಷರು ಅವನ್ನು ಒಯ್ದು ಅಭ್ಯಾಸ ಮಾಡಿ ಕಾಂಗ್ರೀವ್ ರಾಕೆಟ್ ಮಾಡಿದರು. ಆದರೆ ಒಮ್ಮೆ ಹಾರಿದ ಮೇಲೆ ತನ್ನ ದಾರಿ ತಿದ್ದಿಕೊಳ್ಳುವ ಶಕ್ತಿ ಎರಡಕ್ಕೂ ಇರಲಿಲ್ಲ.

ಆ ಶಕ್ತಿ ಎಲ್ಲಿಂದ ಬಂತು ಎನ್ನುವುದೇ ಇವತ್ತಿನ ಮುಖ್ಯ ವಿಷಯ.

ಗೈಡೆಡ್ ರಾಕೆಟ್‌ನ ಮೂತಿಯ ಭಾಗದಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದು ಕ್ಷಣಕ್ಷಣಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳುತ್ತದೆ. ನಾನು ಎಲ್ಲಿದ್ದೇನೆ? ಎಲ್ಲಿರಬೇಕಿತ್ತು? ಅಲ್ಲಿಗೆ ಹೋಗಲು ಎತ್ತ ತಿರುಗಬೇಕು? ತಿರುಗುವ ಕೆಲಸ ಮಾಡುವುದು ಮೂತಿಯ ಹತ್ತಿರ ಇರುವ ನಾಲ್ಕು ಚಿಕ್ಕ ರೆಕ್ಕೆಗಳು. ಪುಟ್ಟ ಮೋಟರ್‌ಗಳು ಅವನ್ನು ಕೆಲವೇ ಡಿಗ್ರಿ ಹೊರಳಿಸುತ್ತವೆ. ರಾಕೆಟ್ ಶಬ್ದದ ವೇಗಕ್ಕಿಂತ ಜೋರಾಗಿ ಹೋಗುತ್ತಿರುವುದರಿಂದ ಅಷ್ಟು ತಿರುವು ಧಾರಾಳ ಸಾಕು.

ಕಷ್ಟದ ಪ್ರಶ್ನೆ ಮೊದಲನೆಯದು. ನಾನು ಎಲ್ಲಿದ್ದೇನೆ? ಅದಕ್ಕೆ ಎರಡು ದಾರಿಗಳಿವೆ.

ಒಂದು, ತನ್ನೊಳಗೇ ಲೆಕ್ಕ ಇಡುವುದು. ವೇಗ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆಯುವ ಆಕ್ಸಿಲರೋಮೀಟರ್, ಎತ್ತ ತಿರುಗಿದೆ ಎಂದು ಅಳೆಯುವ ಗೈರೋಸ್ಕೋಪ್. ಇವೆರಡನ್ನೂ ಇಟ್ಟುಕೊಂಡು, ಹೊರಟ ಜಾಗದಿಂದ ಇಷ್ಟು ದೂರ ಬಂದೆ ಎಂದು ಲೆಕ್ಕ ಹಾಕುವುದು. ಹೊರಗಿನ ಸಹಾಯ ಏನೂ ಬೇಡ. ಇದರ ದೌರ್ಬಲ್ಯ ಏನೆಂದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ವಿದ್ಯಾರ್ಥಿಗಳು ಪುಸ್ತಕ ತೆಗೆದು ಲೆಕ್ಕ ಮಾಡಿ ನೋಡಿ. ಆಕ್ಸಿಲರೋಮೀಟರ್ ಗುರುತ್ವದ ಸಾವಿರದ ಒಂದು ಭಾಗದಷ್ಟು ತಪ್ಪು ತೋರಿಸುತ್ತಿದೆ ಎನ್ನಿ. 100 ಸೆಕೆಂಡಿನಲ್ಲಿ ಆ ತಪ್ಪು 49 ಮೀಟರ್ ಆಗುತ್ತದೆ. 200 ಸೆಕೆಂಡಿನಲ್ಲಿ 98 ಅಲ್ಲ, 196 ಮೀಟರ್. ಸಮಯ ದುಪ್ಪಟ್ಟಾದರೆ ತಪ್ಪು ನಾಲ್ಕು ಪಟ್ಟು. ಪಿಯುಸಿಯಲ್ಲಿ ಕಲಿತ ಅರ್ಧ ಎ ಟಿ ಸ್ಕ್ವೇರ್ ಸೂತ್ರವೇ ಇಲ್ಲಿಯೂ ಕೆಲಸ ಮಾಡುವುದು.

ಎರಡನೆಯದು ಉಪಗ್ರಹ. ನಿಮ್ಮ ಮೊಬೈಲಿನಲ್ಲಿ ದಾರಿ ತೋರಿಸುವ ಅದೇ ಜಿಪಿಎಸ್, ಅಥವಾ ನಮ್ಮ ನಾವಿಕ್‌ನಂಥ ವ್ಯವಸ್ಥೆ. ಇದರ ತಪ್ಪು ಸಮಯದ ಜೊತೆ ಬೆಳೆಯುವುದಿಲ್ಲ. ಆದರೆ ಇದು ಹೊರಗಿನಿಂದ ಬರುವ ಸಂಕೇತ. ಸುಮಾರು 20,000 ಕಿ.ಮೀ. ಎತ್ತರದಿಂದ ಬರುವ ಜಿಪಿಎಸ್ ಸಂಕೇತ ನೆಲ ಮುಟ್ಟುವಾಗ ತುಂಬಾ ಕ್ಷೀಣ. ಹತ್ತಿರದಲ್ಲಿ ಯಾರಾದರೂ ಅದೇ ತರಂಗದಲ್ಲಿ ಜೋರಾಗಿ ಗದ್ದಲ ಎಬ್ಬಿಸಿದರೆ ಅದು ಕೇಳಿಸುವುದೇ ಇಲ್ಲ. ಇದಕ್ಕೇ ಜ್ಯಾಮಿಂಗ್ ಎನ್ನುವುದು. ಯುಕ್ರೇನ್ ಯುದ್ಧದಲ್ಲಿ ರಷ್ಯಾದ ಜ್ಯಾಮಿಂಗ್‌ನಿಂದ ಜಿಪಿಎಸ್ ನಂಬಿದ ಫಿರಂಗಿ ಶೆಲ್‌ಗಳ ಗುರಿ ಕೆಟ್ಟದ್ದು ವರದಿಯಾಗಿದೆ.

ಹಾಗಾಗಿ ಈಗಿನ ರಾಕೆಟ್‌ಗಳಲ್ಲಿ ಎರಡನ್ನೂ ಸೇರಿಸುತ್ತಾರೆ. ಉಪಗ್ರಹ ಕಾಣುವಷ್ಟು ಹೊತ್ತು ಒಳಗಿನ ಲೆಕ್ಕವನ್ನು ತಿದ್ದಿಕೊಳ್ಳುವುದು. ಕಾಣದಾಗ ಆ ತಿದ್ದಿದ ಲೆಕ್ಕದ ಮೇಲೆಯೇ ಉಳಿದ ದಾರಿ ಸಾಗುವುದು. ಕೊನೆಯ 20 ಸೆಕೆಂಡು ಮಾತ್ರ ಸಂಕೇತ ತಪ್ಪಿದರೆ, ಆಗಲೇ ಹೇಳಿದ ಆಕ್ಸಿಲರೋಮೀಟರ್‌ನಿಂದ ಬರುವ ಹೊಸ ತಪ್ಪು ಬರೀ 2 ಮೀಟರ್. ಒಳಗಿನ ಉಪಕರಣ ಎಷ್ಟು ಒಳ್ಳೆಯದೋ ಜ್ಯಾಮಿಂಗ್‌ನ ಭಯ ಅಷ್ಟು ಕಡಿಮೆ. ಯಾವುದೇ ದೇಶದ ಕ್ಷಿಪಣಿ ಸಾಮರ್ಥ್ಯವನ್ನು ತೂಗುವಾಗ ನಾನು ಮೊದಲು ನೋಡುವುದು ಇದನ್ನೇ. ಒಳ್ಳೆಯ ಗೈರೋಸ್ಕೋಪನ್ನು ತಾನೇ ಮಾಡಿಕೊಳ್ಳಬಲ್ಲ ದೇಶ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

ಪಿನಾಕವನ್ನು ರೂಪಿಸಿದ್ದು ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ, ಎಆರ್‌ಡಿಇ. ಗೈಡೆಡ್ ಮಾದರಿಗೆ ಹೈದರಾಬಾದಿನ ರಿಸರ್ಚ್ ಸೆಂಟರ್ ಇಮಾರತ್ ಕೂಡ ಕೈಜೋಡಿಸಿದೆ. ಸೇನೆಗೆ ಕೊಡುವ ಮುಂಚಿನ ಮುಖ್ಯ ಪರೀಕ್ಷೆಗಳು 2024ರ ನವೆಂಬರ್‌ನಲ್ಲಿ ಮುಗಿದವು. ಪಿನಾಕವನ್ನು ಆರ್ಮೇನಿಯ ಕೂಡ ಕೊಂಡಿದೆ.

ಈಗ ಗುರಿಯ ನಿಖರತೆಯನ್ನು ಹೇಗೆ ಅಳೆಯುತ್ತಾರೆ ನೋಡೋಣ. ಬಿಟ್ಟ ರಾಕೆಟ್‌ಗಳಲ್ಲಿ ಅರ್ಧದಷ್ಟು ಯಾವ ವೃತ್ತದೊಳಗೆ ಬೀಳುತ್ತವೋ ಆ ವೃತ್ತದ ತ್ರಿಜ್ಯವೇ ಅಳತೆ. ಅದಕ್ಕೆ ಸಿಇಪಿ ಎನ್ನುತ್ತಾರೆ. "ಸಿಇಪಿ 10 ಮೀಟರ್" ಎಂದು ಓದಿದಾಗ ಎಲ್ಲವೂ 10 ಮೀಟರ್ ಒಳಗೆ ಬೀಳುತ್ತವೆ ಎಂದು ತಿಳಿಯಬೇಡಿ. ಉಳಿದ ಅರ್ಧ ಹೊರಗೆ ಬೀಳುತ್ತವೆ. ಸುದ್ದಿಯಲ್ಲಿ ಈ ಮಾತು ಬಿಟ್ಟುಹೋಗುತ್ತದೆ. ಗುರಿಯ ಪಕ್ಕದಲ್ಲಿ ಮನೆಗಳಿದ್ದರೆ ಮುಖ್ಯವಾಗುವುದು ಆ ಹೊರಗಿನ ಅರ್ಧವೇ.

ಆದರೂ ಈ ನಿಖರತೆಯ ಲಾಭ ದೊಡ್ಡದು. ಸ್ಫೋಟದ ಪರಿಣಾಮದ ದೂರವನ್ನು ದುಪ್ಪಟ್ಟು ಮಾಡಬೇಕಾದರೆ ಮದ್ದು ದುಪ್ಪಟ್ಟಾದರೆ ಸಾಲದು, ಎಂಟು ಪಟ್ಟು ಬೇಕು. ಅದರ ಬದಲು ಎರಡು ಪಟ್ಟು ಹತ್ತಿರ ಬೀಳಿಸಿದರೆ ಅದೇ ಮದ್ದಿನಲ್ಲಿ ಕೆಲಸ ಆಗುತ್ತದೆ. ಹೈಮಾರ್ಸ್ ಲಾಂಚರ್‌ನಿಂದ ಬಿಡುವ ಅಮೆರಿಕದ ಗೈಡೆಡ್ ರಾಕೆಟ್ಟಿನ ಸಿಡಿತಲೆ ಸುಮಾರು 90 ಕಿಲೋ, ದೂರ ಸುಮಾರು 70 ಕಿ.ಮೀ. 2022ರಲ್ಲಿ ಯುಕ್ರೇನ್ ಸೇನೆ ಖೆರ್ಸಾನ್ ಹತ್ತಿರದ ಆಂತೊನಿವ್ಕಾ ಸೇತುವೆಯನ್ನು ಇವುಗಳಿಂದ ಮತ್ತೆ ಮತ್ತೆ ಹೊಡೆಯಿತು. ಅಷ್ಟು ದೊಡ್ಡ ಸೇತುವೆಯನ್ನು ಬೀಳಿಸಲು 90 ಕಿಲೋ ಸಾಲದು. ಆದರೆ ಸೇತುವೆಯ ಮೇಲಿನ ರಸ್ತೆಯಲ್ಲೇ ತೂತು ಬಿದ್ದರೆ ಭಾರದ ಲಾರಿಗಳು ದಾಟುವುದು ಹೇಗೆ? ನದಿಯ ಬಲದಂಡೆಯಲ್ಲಿದ್ದ ರಷ್ಯಾದ ಸೇನೆಗೆ ಸಾಮಾನು ಸಾಗಿಸುವುದೇ ಕಷ್ಟವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಅವರು ಆ ದಂಡೆ ಬಿಟ್ಟು ಹೋದರು.

ಇದೇ ಲಾಂಚರ್ ಕುಟುಂಬದ ಹಳೆಯ ರಾಕೆಟ್ ಒಂದರಲ್ಲಿ 644 ಚಿಕ್ಕ ಬಾಂಬುಗಳು ಇರುತ್ತಿದ್ದವು. ಗುರಿ ಸರಿಯಾಗಿ ಸಿಗುವುದಿಲ್ಲ ಎಂದೇ ಅಷ್ಟನ್ನು ಚೆಲ್ಲುತ್ತಿದ್ದರು. ಅವುಗಳಲ್ಲಿ ಎಷ್ಟೋ ಸಿಡಿಯದೆ ಹೊಲಗದ್ದೆಗಳಲ್ಲಿ ಉಳಿಯುತ್ತಿದ್ದವು. ಇಂಥ ಬಾಂಬುಗಳಿಂದ ಯುದ್ಧ ಮುಗಿದು ವರ್ಷಗಳಾದ ಮೇಲೂ ಮಕ್ಕಳು, ರೈತರು ಸತ್ತಿದ್ದಾರೆ. ಇವುಗಳನ್ನು ನಿಷೇಧಿಸುವ ಒಪ್ಪಂದ 2008ರಲ್ಲಿ ಆಯಿತು. ಭಾರತವೂ ಅಮೆರಿಕವೂ ಅದಕ್ಕೆ ಸಹಿ ಹಾಕಿಲ್ಲ. ಗುರಿ ನಿಖರವಾದ ಮೇಲೆ ಒಂದೇ ಸಿಡಿತಲೆ ಸಾಕಾಗುತ್ತದೆ, ಚೆಲ್ಲುವ ಅಗತ್ಯವೇ ಇಲ್ಲ. ಗೈಡೆನ್ಸ್‌ನಿಂದ ಆದ ಬದಲಾವಣೆಗಳಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದು.

ಆದರೆ ಇನ್ನೊಂದು ಮಾತನ್ನು ಇಷ್ಟೇ ಜೋರಾಗಿ ಹೇಳಬೇಕು. ರಾಕೆಟ್ ಹೋಗುವುದು ನಾವು ಕೊಟ್ಟ ಅಕ್ಷಾಂಶ, ರೇಖಾಂಶಕ್ಕೆ. ಅಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ನಮ್ಮ ಹಳೆಯ ಟೊಪೊಶೀಟ್‌ಗಳನ್ನು, ಅಂದರೆ ಸರ್ವೆ ನಕ್ಷೆಗಳನ್ನು, ಮಾಡಿದ್ದು ಭೂಮಿಯ ಆಕಾರದ ಬಗ್ಗೆ ಸರ್ವೆಯರ್ ಜಾರ್ಜ್ ಎವರೆಸ್ಟ್ ಹಾಕಿದ ಲೆಕ್ಕದ ಮೇಲೆ, ಅದು 1830ರದು. ಜಿಪಿಎಸ್ ಬಳಸುವುದು ಬೇರೆ ಲೆಕ್ಕ. ಹಳೆಯ ನಕ್ಷೆಯಿಂದ ಅಂಕಿ ತೆಗೆದು ತಿದ್ದದೆ ಹಾಗೇ ಕೊಟ್ಟರೆ ನಮ್ಮ ಕಡೆ ನೂರು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಹತ್ತು ಮೀಟರ್ ನಿಖರತೆಯ ರಾಕೆಟ್ ನೂರು ಮೀಟರ್ ಆಚೆ ಬಹಳ ನಿಖರವಾಗಿ ಬೀಳುತ್ತದೆ.

1999ರ ಮೇ 7ರಂದು ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಆದದ್ದು ಇಂಥದೇ ತಪ್ಪಿನ ಇನ್ನೊಂದು ರೂಪ. ಅಮೆರಿಕದ ವಿಮಾನ ಹಾಕಿದ ಉಪಗ್ರಹ ಗೈಡೆನ್ಸ್‌ನ ಬಾಂಬುಗಳು ಚೀನಾದ ರಾಯಭಾರ ಕಚೇರಿಯ ಮೇಲೆ ಬಿದ್ದವು. ಮೂವರು ಚೀನೀ ಪತ್ರಕರ್ತರು ಸತ್ತರು. ಬಾಂಬುಗಳು ದಾರಿ ತಪ್ಪಿರಲಿಲ್ಲ. ಬೇರೊಂದು ಕಚೇರಿಯನ್ನು ಹೊಡೆಯಲು ಹೊರಟವರು ಹಳೆಯ ನಕ್ಷೆ ನಂಬಿ ಜಾಗವನ್ನೇ ತಪ್ಪಾಗಿ ಗುರುತಿಸಿದ್ದರು ಎಂಬುದು ಅಮೆರಿಕ ಕೊಟ್ಟ ವಿವರಣೆ. ಹಾಗಾಗಿ ಗೈಡೆಡ್ ಆಯುಧದ ನಿಜವಾದ ನಿಖರತೆ ಇರುವುದು ರಾಕೆಟ್ಟಿನಲ್ಲಿ ಮಾತ್ರ ಅಲ್ಲ. ಗುರಿಯನ್ನು ಹುಡುಕುವ ಡ್ರೋನ್, ಉಪಗ್ರಹ ಚಿತ್ರ, ನಕ್ಷೆ, ಅದನ್ನು ಕೂತು ಓದುವ ಮನುಷ್ಯ, ಮತ್ತೊಮ್ಮೆ ಪರೀಕ್ಷಿಸುವ ಅಧಿಕಾರಿ, ಈ ಇಡೀ ಸರಪಳಿಯಲ್ಲಿ ಇದೆ. ರಾಕೆಟ್‌ಗೆ ಹಾಕುವಷ್ಟೇ ದುಡ್ಡು, ಬುದ್ಧಿ, ತರಬೇತಿ ಇವರಿಗೂ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ದೊಡ್ಡ ಕ್ಷಿಪಣಿಗಳ ಬಗ್ಗೆ ಸ್ವಲ್ಪ. 1988ರ ಫೆಬ್ರವರಿಯಲ್ಲಿ ಮೊದಲು ಹಾರಿದ ಪೃಥ್ವಿಯದು ದ್ರವ ಇಂಧನ. ಅದರ ಸಿದ್ಧತೆಗೆ ಹೊತ್ತು ಬೇಕು, ಜೊತೆಗೆ ಬೇರೆ ವಾಹನಗಳೂ ಬೇಕು. 2021ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಪ್ರಳಯ್‌ಗೆ ಘನ ಇಂಧನ. ಇಂಧನ ಮೊದಲೇ ತುಂಬಿರುತ್ತದೆ, ಲಾರಿಯ ಮೇಲೆ ಡಬ್ಬಿಯೊಳಗೆ ಸಿದ್ಧವಾಗಿ ಕೂತಿರುತ್ತದೆ. ಅದು 150ರಿಂದ 500 ಕಿ.ಮೀ. ದೂರದ ಗುರಿಗೆ ಹೋಗುತ್ತದೆ. ಅದರ ದಾರಿ ಎಸೆದ ಕಲ್ಲಿನ ಹಾಗೆ ಪೂರ್ತಿ ಬಿಲ್ಲಿನಾಕಾರ ಅಲ್ಲ. ಕಡಿಮೆ ಎತ್ತರದಲ್ಲಿ ಹಾರುತ್ತದೆ, ನಡುವೆ ದಾರಿ ಬದಲಿಸುತ್ತದೆ. ರಷ್ಯಾದ ಇಸ್ಕಂದರ್ ಕೂಡ ಹೀಗೇ. ಎದುರಾಳಿಯ ರೇಡಾರ್ ಬಿಲ್ಲಿನಾಕಾರದ ದಾರಿಯಾದರೆ ಮುಂದೆ ಎಲ್ಲಿ ಬೀಳುತ್ತದೆ ಎಂದು ಸುಲಭವಾಗಿ ಲೆಕ್ಕ ಹಾಕುತ್ತದೆ. ದಾರಿ ಬದಲಾದರೆ ಆ ಲೆಕ್ಕವೂ ಬದಲಾಗುತ್ತಲೇ ಇರಬೇಕು. ಹೊಡೆದುರುಳಿಸುವುದು ಅಸಾಧ್ಯ ಅಂತಲ್ಲ, ಕಷ್ಟ. ಪ್ರತಿ ತಿರುವಿಗೂ ಕ್ಷಿಪಣಿ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ ಎನ್ನುವುದೂ ನೆನಪಿರಲಿ.

ಪ್ರಶ್ನೆಗಳಿಗೆ ಬರೋಣ.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: "ಸರ್, ಲಾಂಚರ್ ಎಲ್ಲಿದೆ ಅಂತ ಶತ್ರುವಿಗೆ ಗೊತ್ತಾಗೋದಿಲ್ವಾ?"

ಗೊತ್ತಾಗುತ್ತದಮ್ಮ, ಅದೂ ಬಹಳ ಬೇಗ. ಹಾರುತ್ತಿರುವ ಶೆಲ್ ಅಥವಾ ರಾಕೆಟ್ಟಿನ ದಾರಿಯ ಒಂದು ತುಂಡು ರೇಡಾರ್‌ಗೆ ಕಂಡರೆ ಸಾಕು, ಹಿಂದಕ್ಕೆ ಲೆಕ್ಕ ಹಾಕಿ ಹೊರಟ ಜಾಗವನ್ನು ಹೇಳುತ್ತದೆ. ನಮ್ಮ 'ಸ್ವಾತಿ' ರೇಡಾರ್ ಮಾಡುವುದು ಇದೇ ಕೆಲಸ. ಅದನ್ನು ರೂಪಿಸಿದ್ದು ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ, ತಯಾರಿಸುವುದು ಸರ್ಕಾರಿ ಕಂಪನಿ ಬಿಇಎಲ್. ಅದಕ್ಕೇ ಲಾಂಚರನ್ನು ಲಾರಿಯ ಮೇಲೆ ಕೂರಿಸುವುದು. ಬಂದು ನಿಲ್ಲಬೇಕು, ಬಿಡಬೇಕು, ಉತ್ತರ ಬರುವ ಮೊದಲು ಜಾಗ ಖಾಲಿ ಮಾಡಬೇಕು. ಗೈಡೆಡ್ ರಾಕೆಟ್ ಆದರೆ ಕಡಿಮೆ ಸಂಖ್ಯೆ ಸಾಕು, ಹಾಗಾಗಿ ನಿಲ್ಲುವ ಹೊತ್ತೂ ಕಡಿಮೆ.

ಇನ್ನೊಂದು ಪ್ರಶ್ನೆ ಫಿರಂಗಿ ದಳದಿಂದ ನಿವೃತ್ತರಾದ ಹವಾಲ್ದಾರರೊಬ್ಬರದು: "ಹಾಗಾದ್ರೆ ನಮ್ಮ ಹಳೇ ತೋಪು, ಗೈಡೆನ್ಸ್ ಇಲ್ಲದ ರಾಕೆಟ್, ಇವೆಲ್ಲ ಇನ್ನು ಬೇಡ ಅಂತೀರಾ?"

ಖಂಡಿತ ಬೇಕು ಸಾರ್. ಕಾರ್ಗಿಲ್‌ನಲ್ಲಿ ಬೋಫೋರ್ಸ್ ತೋಪುಗಳೂ ಗ್ರಾಡ್ ರಾಕೆಟ್‌ಗಳೂ ಏನು ಮಾಡಿದವು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೈಡೆಡ್ ರಾಕೆಟ್‌ಗೆ ಸ್ಥಿರವಾದ, ಜಾಗ ಗೊತ್ತಿರುವ ಗುರಿ ಬೇಕು. ಸೇತುವೆ, ಮದ್ದುಗುಂಡಿನ ಗೋದಾಮು, ಕಮಾಂಡ್ ಪೋಸ್ಟ್, ಇಂಥವು. ಬೆಟ್ಟದ ಆಚೆ ಇಳಿಜಾರಿನಲ್ಲಿ ಅಡಗಿರುವ ಗುರಿಗೂ ಇದು ಒಳ್ಳೆಯದು, ಯಾಕೆಂದರೆ ಕೊನೆಯಲ್ಲಿ ಕಡಿದಾಗಿ ಮೇಲಿನಿಂದ ಬೀಳುವ ಹಾಗೆ ದಾರಿಯನ್ನು ತಿದ್ದಬಹುದು. ಆದರೆ ಮುಂದೆ ನುಗ್ಗುತ್ತಿರುವ ಕಾಲಾಳುಗಳಿಗೆ ಗಂಟೆಗಟ್ಟಲೆ ಬೆಂಬಲ ಕೊಡಬೇಕು, ಶತ್ರು ತಲೆ ಎತ್ತದ ಹಾಗೆ ಮಾಡಬೇಕು ಎಂದರೆ ಒಂದೊಂದು ಗುಂಡಿಗೂ ಅಷ್ಟು ಖರ್ಚು ಮಾಡಲು ಆಗುವುದಿಲ್ಲ. ಅಲ್ಲಿಗೆ 155 ಮಿ.ಮೀ. ತೋಪೇ ಸರಿ. ಗೈಡೆಡ್ ಪಿನಾಕವನ್ನು ಹಳೆಯ ಪಿನಾಕದ ಲಾಂಚರ್‌ನಿಂದಲೇ ಬಿಡುವ ಹಾಗೆ ಮಾಡಿರುವುದು ಇದೇ ಕಾರಣಕ್ಕೆ. ಯಾವ ಗುರಿಗೆ ಯಾವ ರಾಕೆಟ್ ಎಂದು ಕಮಾಂಡರ್ ಅಲ್ಲೇ ತೀರ್ಮಾನ ಮಾಡಬಹುದು.